ವೋಲ್ಟೇಜ್ ಇದೆ, ನೀರು ಮಾತ್ರ ಇಲ್ಲ

ಕೊಪ್ಪ, ಬಾಳಗಡಿ, ಶೃಂಗೇರಿ ಕಡೆಯ ರಸ್ತೆಗಳಲ್ಲಿ ಈಗೀಗ ಮನೆಗಳೇ ಓಡಾಡುತ್ತಿವೆ. ಹೊರಗಿನಿಂದ ನೋಡಿದರೆ ಮಿನಿ ಬಸ್. ಒಳಗೆ ಇಣುಕಿದರೆ ಮಂಚ, ಸಿಂಕು, ಗ್ಯಾಸ್ ಒಲೆ, ಸಣ್ಣದೊಂದು ಫ್ರಿಜ್ಜು, ಕೆಲವದರಲ್ಲಿ ಬಚ್ಚಲು ಕೂಡ. ಕ್ಯಾಂಪರ್ ವ್ಯಾನ್ ಅಂತ ಹೆಸರು. ಪಕ್ಕದ ಕೇರಳ 2021ರಲ್ಲಿ ‘ಕೆರವಾನ್ ಕೇರಳ’ ಅಂತ ಇದಕ್ಕೊಂದು ಯೋಜನೆಯನ್ನೇ ತಂದಿತು. ನಮ್ಮ ಘಟ್ಟಕ್ಕೆ ಬರುವವರ ರೀಲ್ಸ್ ನೋಡಿದರೆ ಮಂಜು ಮುಸುಕಿದ ಗುಡ್ಡ, ಹಬೆಯಾಡುವ ಕಾಫಿ ಲೋಟ, ಹಿನ್ನೆಲೆಯಲ್ಲಿ ಗಿಟಾರು. ಕೈಗೆ ಸೋಪು ಹಚ್ಚಿಕೊಂಡ ಮೇಲೆ ನಲ್ಲಿ ಗೊರಗೊರ ಅಂದು ನಿಂತುಹೋಗುವುದನ್ನು ಮಾತ್ರ ಯಾರೂ ರೀಲ್ ಮಾಡಿ ಹಾಕುವುದಿಲ್ಲ.

ಕಳೆದ ನವರಾತ್ರಿ ರಜೆಗೆ ಊರಿಗೆ ಬಂದಿದ್ದಾಗ ಅಂಥದ್ದೊಂದು ವ್ಯಾನು ಬಾಳಗಡಿಯಲ್ಲಿ ನಮ್ಮ ಮಾವನ ಅಂಗಳದಲ್ಲಿ ನಿಂತಿತ್ತು. ಮಾವನದು ಎರಡು ಕೋಣೆಯ ಸಣ್ಣ ಹೋಂಸ್ಟೇ. ಬೆಂಗಳೂರಿನ ಗಂಡ ಹೆಂಡತಿ, ಜೊತೆಗೆ ವಯಸ್ಸಾದ ಅಮ್ಮ. ಶೃಂಗೇರಿಯಲ್ಲಿ ಶಾರದೆಯ ದರ್ಶನಕ್ಕೆ ಅಂತ ಹೊರಟವರು. ವ್ಯಾನಿನ ನೀರಿನ ಪಂಪು ನರಳುತ್ತಿತ್ತು. ನಲ್ಲಿಯಲ್ಲಿ ಬರುತ್ತಿದ್ದದ್ದು ಬೆರಳು ಗಾತ್ರದ ನೀರೂ ಅಲ್ಲ, ದಾರದಷ್ಟು. ಹೊರಡುವ ಮುಂಚೆ ಊರಲ್ಲಿ ಪಂಪು ಹೋಗಿದೆ ಅಂತ ಹೊಸದನ್ನೇ ಹಾಕಿಸಿದ್ದರಂತೆ. ಹೊಸದೂ ಹಾಗೇ ನರಳಿತು. ನಮ್ಮಲ್ಲಿಂದ ಮುಂದೆ ಆಗುಂಬೆ ಕಡೆ ಹೋಗಿ ಎರಡು ರಾತ್ರಿ ವ್ಯಾನಿನಲ್ಲೇ ಮಲಗುವ ಅಂದಾಜು ಇತ್ತು ಅವರಿಗೆ. ಅಮ್ಮನಿಗೆ ರಾತ್ರಿ ಎರಡು ಮೂರು ಸಲ ಬಚ್ಚಲಿಗೆ ಹೋಗಬೇಕು, ನೀರಿಲ್ಲದೆ ಹೇಗೆ ಅಂತ ವಾಪಸ್ ತಿರುಗುವ ಮಾತಾಡುತ್ತಿದ್ದರು.

“ಎಂತ ಮಾರಾಯ್ತಿ, ಎಲೆಕ್ಟ್ರಿಕಲ್ ಓದ್ತೀಯಲ್ಲ, ನೋಡು ಒಂಚೂರು” ಅಂದರು ಮಾವ.

ನೋಡುವ ಮುಂಚೆ ಇಂಥ ವ್ಯಾನಿನೊಳಗೆ ಏನಿರುತ್ತದೆ ಅಂತ ಹೇಳಿಬಿಡುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಮನೆಯ ಭಾಗಕ್ಕೆ ಬ್ಯಾಟರಿ ಬೇರೆ. ಗಾಡಿ ಓಡುವಾಗ ಒಂದು ರಿಲೇ ಅಥವಾ ಚಾರ್ಜರ್ ಮೂಲಕ ಎರಡನೆಯದೂ ಚಾರ್ಜ್ ಆಗುತ್ತದೆ. ನಿಂತಾಗ ರಿಲೇ ಬಿಟ್ಟುಕೊಳ್ಳುತ್ತದೆ, ಹಾಗಾಗಿ ರಾತ್ರಿಯಿಡೀ ದೀಪ ಉರಿಸಿದರೂ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಎರಡನೆಯ ಬ್ಯಾಟರಿಯಿಂದ ಒಂದು ಫ್ಯೂಸ್ ಬಾಕ್ಸ್, ಅಲ್ಲಿಂದ ದೀಪ, ಫ್ಯಾನು, ಫ್ರಿಜ್ಜು, ಪಂಪು. ಪ್ಲಸ್ಸಿಗೆ ಮಾತ್ರ ವೈರು. ಮೈನಸ್ ವಾಪಸಾಗುವುದು ಬಹಳ ಗಾಡಿಗಳಲ್ಲಿ ಬಾಡಿಯ ಕಬ್ಬಿಣದ ಮೂಲಕವೇ. ಇದನ್ನು ಗ್ಯಾರೇಜಿನವರು ಬಾಡಿ ಅರ್ಥಿಂಗ್ ಅನ್ನುತ್ತಾರೆ.

ಇನ್ನು ಪಂಪು. ಅದನ್ನು ನೋಡಿದ ಕೂಡಲೇ ಮಾವ “ಇದು ನಮ್ಮ ಸ್ಪ್ರೇಯರಿನದ್ದಲ್ಲವಾ?” ಅಂದರು. ನಿಜ. ತೋಟದಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಬಿಚ್ಚಿ ನೋಡಿದವರಿಗೆ ಇದು ಅದರ ಅಣ್ಣನ ಹಾಗೆ ಕಾಣುತ್ತದೆ. 12 ವೋಲ್ಟಿನ ಮೋಟಾರು, ಮುಂದುಗಡೆ ರಬ್ಬರಿನ ಡಯಾಫ್ರಂ, ತಲೆಯ ಮೇಲೆ ಒಂದು ಪ್ರೆಷರ್ ಸ್ವಿಚ್. ನಲ್ಲಿ ಮುಚ್ಚಿದರೆ ಪೈಪಿನಲ್ಲಿ ಒತ್ತಡ ಏರಿ ಸ್ವಿಚ್ ಕಟ್ ಆಗುತ್ತದೆ. ತೆರೆದರೆ ಒತ್ತಡ ಇಳಿದು ಪಂಪು ತಾನೇ ಶುರುವಾಗುತ್ತದೆ. ಇಷ್ಟೇ. ಮಲೆನಾಡಿನ ಹುಡುಗ ಹುಡುಗಿಯರು ಇದಕ್ಕೆ ಹೆದರಬೇಕಾದ್ದು ಏನೂ ಇಲ್ಲ, ಪ್ರತಿ ತೋಟದ ಮನೆಯ ಕೊಟ್ಟಿಗೆಯಲ್ಲೂ ಇದರದ್ದೊಂದು ತಮ್ಮ ನೇತಾಡುತ್ತಿರುತ್ತಾನೆ.

ಸೀಟಿನ ಕೆಳಗೆ ಡಬ್ಬಿಯಲ್ಲಿ ಅವರ ಹಳೆಯ, ಅಂದರೆ ‘ಸತ್ತ’ ಪಂಪು ಇತ್ತು. ಅದರ ಎರಡು ವೈರನ್ನು ಸೀದಾ ಸ್ಪ್ರೇಯರಿನ ಬ್ಯಾಟರಿಗೆ ಮುಟ್ಟಿಸಿದೆ. ಬರ್ರ್ ಅಂತ ತಿರುಗಿತು. ಬಕೆಟ್ಟಿನಲ್ಲಿ ಪೈಪು ಇಟ್ಟರೆ ನೀರೂ ಎತ್ತಿತು. ಯಜಮಾನರ ಮುಖ ನೋಡಬೇಕಿತ್ತು!

ಹಾಗಾದರೆ ಪಂಪಿಗೆ ಕರೆಂಟು ಬರುತ್ತಿಲ್ಲವೇ? ಅದನ್ನೂ ಅವರು ನೋಡಿಸಿದ್ದರು. ಪಂಪಿನ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟಾಗ 12.5 ವೋಲ್ಟ್ ತೋರಿಸಿತ್ತಂತೆ. ನಾನು ಇಟ್ಟಾಗಲೂ 12.5. ಬ್ಯಾಟರಿಯ ಮೇಲೂ 12.5. ಲೆಡ್ ಆಸಿಡ್ ಬ್ಯಾಟರಿಗೆ ಇದು ಒಳ್ಳೆಯ ಅಂಕಿ, ಹೆಚ್ಚೂಕಮ್ಮಿ ತುಂಬಿದೆ ಅಂತ ಅರ್ಥ. ಮೀಟರ್ ಪ್ರಕಾರ ಎಲ್ಲ ಸರಿ. ವೋಲ್ಟೇಜ್ ಇದೆ, ಪಂಪೂ ಇದೆ, ನೀರು ಮಾತ್ರ ಇಲ್ಲ. ಪಂಪು ಬದಲಾಯಿಸಿದವರ ತರ್ಕ ಹೀಗೇ ಹೋಗಿರಬೇಕು.

ಈ ಜಾಗದಲ್ಲಿ ಸ್ವಲ್ಪ ನಿಲ್ಲೋಣ, ಇಡೀ ವಿಷಯ ಇರುವುದೇ ಇಲ್ಲಿ.

ನಮ್ಮ ಕಡೆ ಎಷ್ಟೋ ಮನೆಗೆ ಈಗಲೂ ಗುಡ್ಡದ ಅಬ್ಬಿ ನೀರು. ಮೇಲೆ ಒರತೆಗೆ ಪೈಪು ಕೊಟ್ಟರೆ ಇಳಿಜಾರಿಗೆ ತಾನೇ ಹರಿದು ಬರುತ್ತದೆ, ಮೋಟಾರು ಬೇಡ. ಆ ಪೈಪಿನ ನಡುವೆ ಎಲ್ಲೋ ಒಂದು ಏಡಿ ಸಿಕ್ಕಿಕೊಂಡಿದೆ ಅಂತ ಇಟ್ಟುಕೊಳ್ಳಿ. (ನಗಬೇಡಿ, ನಿಜಕ್ಕೂ ಸಿಕ್ಕಿಕೊಳ್ಳುತ್ತದೆ.) ಕೆಳಗೆ ನಲ್ಲಿ ಮುಚ್ಚಿಟ್ಟರೆ ನೀರು ಏಡಿಯ ಸಂದಿಯಲ್ಲಿ ನಿಧಾನಕ್ಕೆ ಜಿನುಗಿ ಪೈಪು ತುಂಬುತ್ತದೆ, ನಲ್ಲಿಯ ಬಾಯಲ್ಲಿ ಪೂರ್ತಿ ಒತ್ತಡ ನಿಲ್ಲುತ್ತದೆ. ಹೆಬ್ಬೆರಳಿಟ್ಟರೆ ತಳ್ಳುತ್ತದೆ. ನಲ್ಲಿ ತೆರೆದ ಮರುಕ್ಷಣ ಒತ್ತಡ ಮಾಯ, ತೊಟತೊಟ ಹನಿ. ನೀರು ಹರಿಯದೆ ಇದ್ದಾಗ ಅಡ್ಡಿ ಗೊತ್ತಾಗುವುದಿಲ್ಲ. ಹರಿಯಬೇಕು, ಆಗ ಗೊತ್ತಾಗುತ್ತದೆ.

ಕನೆಕ್ಟರ್ ಬಿಚ್ಚಿ ವೋಲ್ಟೇಜ್ ನೋಡುವುದು ಅಂದರೆ ಮುಚ್ಚಿದ ನಲ್ಲಿಯ ಒತ್ತಡ ನೋಡಿದ ಹಾಗೆ. ಡಿಜಿಟಲ್ ಮೀಟರಿನ ಒಳಗಿನ ರೋಧ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ವೈರು ಪೂರಾ ಕೊಳೆತು ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12.5 ಅನ್ನುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ನಾವು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡುತ್ತಿದೆ. ಪ್ರಶ್ನೆಯನ್ನೇ ಬದಲಿಸಬೇಕು.

ಕನೆಕ್ಟರ್ ವಾಪಸ್ ಹಾಕಿದೆ. ಮಾವನ ಮಗ ಸಿಂಕಿನ ನಲ್ಲಿ ತೆರೆದು ಹಿಡಿದುಕೊಂಡ. ಪಂಪು ನರಳುತ್ತಿರುವಾಗಲೇ ಅದರ ಟರ್ಮಿನಲ್‌ಗಳ ಮೇಲೆ ಮೀಟರ್ ಇಟ್ಟರೆ 8.9 ವೋಲ್ಟ್. ಅದೇ ಹೊತ್ತಿಗೆ ಬ್ಯಾಟರಿಯ ಮೇಲೆ 12.3. ನಡುವೆ 3.4 ವೋಲ್ಟ್ ಯಾರೋ ತಿಂದಿದ್ದಾರೆ. ಯಾರು?

ಇಲ್ಲಿ ಮೀಟರಿನ ಎರಡು ಕಡ್ಡಿಯನ್ನು ಪ್ಲಸ್ಸಿಗೊಂದು ಮೈನಸ್ಸಿಗೊಂದು ಇಡುವುದಿಲ್ಲ. ಬ್ಯಾಟರಿಯ ಪ್ಲಸ್ಸಿಗೆ ಒಂದು, ಪಂಪಿನ ಪ್ಲಸ್ಸಿಗೆ ಒಂದು. ಉದ್ದ ಸಾಲದಿದ್ದರೆ ಒಂದು ತುಂಡು ವೈರು ಸೇರಿಸಿಕೊಂಡರಾಯಿತು. ಬಂದದ್ದು 0.4 ವೋಲ್ಟ್. ವೈರು, ಫ್ಯೂಸು, ಸ್ವಿಚ್ಚು ಎಲ್ಲ ಸೇರಿ ತಿಂದದ್ದು ಇಷ್ಟು, ಕ್ಷಮಿಸಬಹುದು. ಆಮೇಲೆ ಪಂಪಿನ ಮೈನಸ್ಸಿನಿಂದ ಬ್ಯಾಟರಿಯ ಮೈನಸ್ಸಿಗೆ. 3.0 ವೋಲ್ಟ್! ಕಳ್ಳ ಸಿಕ್ಕ. 0.4, 8.9, 3.0 ಕೂಡಿಸಿ ನೋಡಿ, ಸರಿಯಾಗಿ 12.3. ಕಿರ್ಚಾಫ್‌ನ ವೋಲ್ಟೇಜ್ ನಿಯಮವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ಅದು ಅಡಿಕೆ ಅಂಗಳದಲ್ಲಿ ಲೆಕ್ಕ ಒಪ್ಪಿಸಿದ್ದು ಅವತ್ತೇ.

ಮೈನಸ್ ವೈರನ್ನು ಹಿಂಬಾಲಿಸಿದರೆ ಸಿಂಕಿನ ಹಿಂದೆ, ನೆಲದ ಹತ್ತಿರ, ಬಾಡಿಗೆ ಬಿಗಿದ ಒಂದು ಬೋಲ್ಟು. ಲಗ್ಗಿನ ಕೆಳಗೆ ಬಣ್ಣವನ್ನು ಪೂರ್ತಿ ಕೆರೆದಿರಲಿಲ್ಲ. ಅದರ ಮೇಲೆ ಒಂದು ಮಳೆಗಾಲದ ತೇವ. ತಾಮ್ರ ಹಸಿರುಗಟ್ಟಿತ್ತು, ಬೋಲ್ಟು ತುಕ್ಕು ಹಿಡಿದಿತ್ತು. ಮುಟ್ಟಿದರೆ ಬಿಸಿ. ಬಿಸಿ ಇರಲೇಬೇಕು: ಪಂಪು ಎಳೆಯುತ್ತಿದ್ದದ್ದು ಸುಮಾರು 5 ಆಂಪಿಯರ್, ಅಂದರೆ ಆ ಜಾಗದ ರೋಧ 0.6 ಓಮ್, ಅಲ್ಲಿ ಸುಮ್ಮನೆ ಶಾಖವಾಗುತ್ತಿದ್ದದ್ದು 15 ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ ಕೂಡ ಅಷ್ಟರಲ್ಲೇ ಕೆಲಸ ಮಾಡುತ್ತದೆ. ಇದು ಪ್ಲೈವುಡ್ಡಿಗೆ ಒರಗಿಕೊಂಡಿತ್ತು. ಮೇಲೆ ಫೋಮಿನ ಹಾಸಿಗೆ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್.

ಮೈ ಜುಮ್ಮೆಂದದ್ದು ಇದನ್ನು ನೋಡಿದಾಗಲ್ಲ, ಫ್ಯೂಸ್ ಬಾಕ್ಸ್ ತೆರೆದಾಗ. ಪಂಪಿನ ಸಾಲಿನ ಎದುರು 10 ಆಂಪಿಯರ್ ಅಂತ ಚೀಟಿ ಅಂಟಿಸಿದೆ, ಅಲ್ಲಿ ಕೂತಿರುವುದು ಹಸಿರು ಫ್ಯೂಸು. ಗಾಡಿಯ ಬ್ಲೇಡ್ ಫ್ಯೂಸುಗಳಿಗೆ ಬಣ್ಣವೇ ಭಾಷೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಹಿಂದೆ ಯಾವಾಗಲೋ ಕಸ ಸಿಕ್ಕಿ ಪಂಪು ಬಿಗಿದುಕೊಂಡಾಗ ಕೆಂಪು ಫ್ಯೂಸು ಹೋಗಿರಬೇಕು, ‘ಮತ್ತೆ ಹೋಗದಿರಲಿ’ ಅಂತ ಯಾರೋ ಪುಣ್ಯಾತ್ಮರು ಹಸಿರು ಸಿಕ್ಕಿಸಿದ್ದಾರೆ. ಒಂದೂವರೆ ಚದರ ಮಿಲಿಮೀಟರಿನ ವೈರಿಗೆ 30 ಆಂಪಿಯರ್ ಹೊರುವ ತಾಕತ್ತಿಲ್ಲ. ಶಾರ್ಟ್ ಆದರೆ ಫ್ಯೂಸು ಹೋಗುವ ಮುಂಚೆ ವೈರಿನ ಸಿಪ್ಪೆ ಕರಗುತ್ತದೆ. ಫ್ಯೂಸು ಇರುವುದು ಪಂಪನ್ನು ಕಾಯಲಿಕ್ಕೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಕಾಯುವುದು ವೈರನ್ನು, ವೈರಿನ ಪಕ್ಕ ಮಲಗಿದವರನ್ನು. ಮನೆಯಲ್ಲಿ ಫ್ಯೂಸ್ ವೈರಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತುವವರೂ ಇದನ್ನು ಒಮ್ಮೆ ಯೋಚಿಸಬೇಕು.

ರಿಪೇರಿ ಮಾಡಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆವು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಕೈಯಲ್ಲಿರುವ ಉಂಗುರ, ಬಳೆ ಕೆಂಪಗೆ ಕಾಯುತ್ತದೆ. ಅವನ್ನೂ ತೆಗೆದಿಡಬೇಕು. ಎಮರಿ ಪೇಪರಿನಲ್ಲಿ ಬಾಡಿಯ ಬಣ್ಣ ಹೊಳೆಯುವ ತನಕ ಉಜ್ಜಿ, ಹೊಸ ಲಗ್ ಒತ್ತಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ತೇವ ತಾಗದಂತೆ ವ್ಯಾಸಲೀನ್ ಬಳಿದೆವು. ಕೆಂಪು ಫ್ಯೂಸು ಹಾಕಿದೆವು. ನಲ್ಲಿ ತೆರೆದು ಮತ್ತೆ ಅಳೆದರೆ 3.0 ಇದ್ದದ್ದು 0.1ಕ್ಕೆ ಇಳಿದಿತ್ತು. ಪಂಪಿನ ದನಿಯೇ ಬೇರೆಯಾಗಿತ್ತು.

ಇಷ್ಟು ಸಣ್ಣ ರೋಧ ಮನೆಯಲ್ಲಿ ಯಾಕೆ ತೊಂದರೆ ಕೊಡುವುದಿಲ್ಲ ಅಂತ ಮಾವ ಕೇಳಿದರು. ಒಳ್ಳೆಯ ಪ್ರಶ್ನೆ. 60 ವ್ಯಾಟಿನ ಒಂದು ವಸ್ತು 230 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರ್ ಚಿಲ್ಲರೆ. ಅದೇ 60 ವ್ಯಾಟು 12 ವೋಲ್ಟಿನಲ್ಲಿ ಬೇಕೆಂದರೆ 5 ಆಂಪಿಯರ್, ಸುಮಾರು 19 ಪಟ್ಟು. ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ವೈರಿನಲ್ಲಿ ಪೋಲಾಗುವುದು 360 ಪಟ್ಟಿಗೂ ಹೆಚ್ಚು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಶಿವನಸಮುದ್ರ ಗೊತ್ತೇ ಇರುತ್ತದೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಒಯ್ದದ್ದು 30,000 ವೋಲ್ಟಿನಲ್ಲಿ. ಅಷ್ಟು ವೋಲ್ಟೇಜ್ ಯಾಕೆ ಅನ್ನುವುದಕ್ಕೂ, ಈ ವ್ಯಾನಿನ ಐದು ಮೀಟರ್ ವೈರು ಯಾಕೆ ದಪ್ಪ ಇರಬೇಕು ಅನ್ನುವುದಕ್ಕೂ ಉತ್ತರ ಒಂದೇ. ಇಸವಿ ಮಾತ್ರ ಬಾಯಿಪಾಠ ಮಾಡುವ ಬದಲು ಇದನ್ನು ಹೀಗೆ ಓದಿದ್ದರೆ ನನಗೆ ಆ ಪಾಠ ಎಷ್ಟು ಹಿಡಿಸುತ್ತಿತ್ತೋ.

ಪಂಪು ಜೋರಾಗಿ ತಿರುಗಿತು ಅಂದೆನಲ್ಲ, ನೀರು? ಬಂತು, ಆದರೆ ಕೆಮ್ಮುತ್ತಾ ಬಂತು. ಪುಸ್ ಪುಸ್ ಅಂತ ಗಾಳಿ. ಇದು ಎರಡನೆಯ ತೊಂದರೆ, ಮೊದಲನೆಯದರ ಹಿಂದೆ ಅಡಗಿ ಕೂತಿತ್ತು. ಒಂದು ಫಾಲ್ಟ್ ಸಿಕ್ಕಿತು ಅಂತ ಟೂಲ್ ಬಾಕ್ಸ್ ಮುಚ್ಚಬಾರದು.

ನೀರಿನ ಕಡೆಯ ತೊಂದರೆಗೆ ಮೀಟರ್ ಬೇಡ, ಕಿವಿ ಸಾಕು. ಪಂಪು ಸುಮ್ಮನಿದ್ದರೆ ಕರೆಂಟಿನ ಕಡೆ ಹೋಗಿ. ನರಳುತ್ತಿದ್ದರೆ ವೋಲ್ಟೇಜ್ ಎಲ್ಲೋ ಸೋರುತ್ತಿದೆ. ಹಗುರವಾಗಿ ಗಲಗಲ ತಿರುಗುತ್ತಾ ನೀರು ಬಾರದಿದ್ದರೆ ಗಾಳಿ ಎಳೆಯುತ್ತಿದೆ, ಇಲ್ಲವೇ ಟ್ಯಾಂಕ್ ಖಾಲಿ. ಎಲ್ಲ ನಲ್ಲಿ ಮುಚ್ಚಿದ ಮೇಲೂ ಮಧ್ಯರಾತ್ರಿ ಆಗಾಗ ಎರಡು ಸೆಕೆಂಡ್ ಗುರ್ ಅಂದು ನಿಲ್ಲುತ್ತಿದ್ದರೆ ಯಾವುದೋ ಜೋಡಣೆ ಹನಿಯುತ್ತಿದೆ, ಅಥವಾ ಪಂಪಿನೊಳಗಿನ ವಾಲ್ವು ನೀರನ್ನು ಹಿಂದಕ್ಕೆ ಬಿಡುತ್ತಿದೆ. ನಿಲ್ಲದೇ ಓಡುತ್ತಲೇ ಇದ್ದರೆ ದೊಡ್ಡ ಸೋರಿಕೆ ಅಥವಾ ಪ್ರೆಷರ್ ಸ್ವಿಚ್ಚು ಕೆಟ್ಟಿದೆ.

ಪಂಪಿನಿಂದ ನಲ್ಲಿಯ ಕಡೆ ಸಂದು ಬಿಟ್ಟರೆ ನೀರು ಹೊರಗೆ ಹನಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಪಂಪಿನ ಕಡೆ ಸಂದು ಬಿಟ್ಟರೆ ಹನಿಯೇ ಇರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಒಣಗಿರುವ ಜೋಡಣೆಯನ್ನೂ ನಂಬಬಾರದು. ಇಲ್ಲಿ ಪಂಪಿನ ಮೂತಿಗೆ ಹಾಕಿದ್ದ ಜಾಲರಿಯ ಬಟ್ಟಲು ಬಿಚ್ಚಿದಾಗ ಮುಕ್ಕಾಲು ಭಾಗ ನುಣ್ಣನೆಯ ಮಣ್ಣು, ಪಾಚಿ. ದಾರಿಯಲ್ಲಿ ಎಲ್ಲೋ ಮಳೆ ಬಂದ ಮಾರನೇ ದಿನ ಅಬ್ಬಿ ನೀರು ತುಂಬಿಸಿಕೊಂಡಿರಬೇಕು. ಬಟ್ಟಲಿನ ರಬ್ಬರ್ ರಿಂಗಿನ ಮೇಲೂ ಮರಳಿನ ಕಾಳು ಕೂತು ಅದು ಸರಿಯಾಗಿ ಒತ್ತಿಕೊಂಡಿರಲಿಲ್ಲ. ತೊಳೆದು, ರಿಂಗಿಗೆ ನೀರು ಸವರಿ ಹಾಕಿದ ಮೇಲೆ ಕೆಮ್ಮು ನಿಂತಿತು.

ಇದನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದವರು ಮಾವನ ತೋಟಕ್ಕೆ ನೀರು ನೋಡಿಕೊಳ್ಳುವ ಅಣ್ಣ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನ ತನಕ. ಅಬ್ಬಿ ಪೈಪಿನಲ್ಲಿ ನೀರು ನಿಂತರೆ ನೀವು ಎಲ್ಲಿಂದ ಹುಡುಕುತ್ತೀರಿ ಅಂತ ಕೇಳಿದೆ. “ನಡೂ ಜಾಯಿಂಟ್ ಬಿಚ್ಚೋದು. ಅಲ್ಲಿ ನೀರಿದ್ರೆ ಮೇಲೆ ಹತ್ತೋದು ಬ್ಯಾಡ, ಕೆಳಗೆ ಹುಡುಕೋದು. ಇಲ್ದಿದ್ರೆ ಮೇಲಿನ ಅರ್ಧದ ನಡೂ ಬಿಚ್ಚೋದು. ಜಾರೋ ಗುಡ್ಡದಾಗೆ ಒಂದೊಂದೇ ಬಿಚ್ತಾ ಹೋದ್ರೆ ಕತ್ತಲಾಗ್ತದೆ” ಅಂದರು. ಕಂಪ್ಯೂಟರ್ ಸೈನ್ಸಿನ ಗೆಳೆಯರು ಇದಕ್ಕೆ ಬೈನರಿ ಸರ್ಚ್ ಅನ್ನುತ್ತಾರೆ. ಎಂಟು ತುಂಡಿನಲ್ಲಿ ಎಲ್ಲಿ ಕಟ್ಟಿದೆ ಅಂತ ತಿಳಿಯಲು ಮೂರೇ ಸಲ ಬಿಚ್ಚಿದರೆ ಸಾಕು. ಬ್ಯಾಟರಿ, ಫ್ಯೂಸು, ಸ್ವಿಚ್ಚು, ಕನೆಕ್ಟರು, ಪಂಪು, ಬೋಲ್ಟು ಅಂತ ಸಾಲಾಗಿ ಇರುವ ಕಡೆಯೂ ಮೊದಲು ಕಡ್ಡಿ ಇಡಬೇಕಾದ್ದು ನಡುವಿಗೆ.

ಪ್ಲೇಸ್‌ಮೆಂಟಿಗೆ ಕೂರುವವರಿಗೆ ಒಂದು ಮಾತು. ನನ್ನ ಸೀನಿಯರ್ ಒಬ್ಬರಿಗೆ ಇಂಟರ್‌ವ್ಯೂನಲ್ಲಿ ಓಮ್ಸ್ ಲಾ ಕೇಳಲಿಲ್ಲವಂತೆ. “ಮೋಟಾರು ತಿರುಗುತ್ತಿಲ್ಲ, ಸಪ್ಲೈ ಇದೆ, ಮೀಟರ್ ಎಲ್ಲಿ ಇಡುತ್ತೀರಿ?” ಅಂತ ಕೇಳಿದರಂತೆ. ನಮ್ಮ ಲ್ಯಾಬುಗಳಲ್ಲಿ ವೈರು ಗಿಡ್ಡ, ಟರ್ಮಿನಲ್ಲು ಫಳಫಳ, ಸರ್ಕಿಟ್ಟು ಸರಿಯಾಗಿದ್ದರೆ ಮಾತ್ರ ಮಾರ್ಕ್ಸು. ಕೆಟ್ಟ ಸರ್ಕಿಟ್ಟು ಕೊಟ್ಟು ಯಾಕೆ ಕೆಟ್ಟಿದೆ ಹುಡುಕಿ ಅನ್ನುವ ಪ್ರಯೋಗ ಒಂದಾದರೂ ಇರಬೇಕಿತ್ತು ಅನ್ನುವುದು ನನ್ನ ದೂರು. ಸೋಲಾರ್ ದೀಪ, ಯುಪಿಎಸ್, ಎಲೆಕ್ಟ್ರಿಕ್ ಸ್ಕೂಟರ್ ಎಲ್ಲದರಲ್ಲೂ ಇರುವುದು ಇದೇ ಬ್ಯಾಟರಿ, ಇದೇ ಜೋಡಣೆಗಳು. ಮೀಟರ್ ಕೊಳ್ಳಲು ದುಡ್ಡಿಲ್ಲದಿದ್ದರೆ ಗ್ಯಾರೇಜಿನಿಂದ ಹೆಡ್‌ಲೈಟಿನ ಹಳೆಯ 55 ವ್ಯಾಟ್ ಬಲ್ಬು ತಂದು ಎರಡು ವೈರು ಬೆಸೆಯಿರಿ. ಅದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಜೋಡಣೆ ಸರಿ ಇದ್ದರೆ ಕಣ್ಣು ಕುಕ್ಕುತ್ತದೆ, ಕೆಟ್ಟಿದ್ದರೆ ಮಂಕಾಗಿ ಉರಿಯುತ್ತದೆ. ಮುಚ್ಚಿದ ನಲ್ಲಿಯ ಮೋಸ ಅದರ ಹತ್ತಿರ ನಡೆಯುವುದಿಲ್ಲ. ಬಿಸಿಯಾಗುತ್ತದೆ, ಬರಿಗೈಲಿ ಹಿಡಿಯಬೇಡಿ.

ಲಿಥಿಯಂ ಬ್ಯಾಟರಿ ಇದ್ದರೆ ಒಂದು ಎಚ್ಚರ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗುತ್ತಾ ವೋಲ್ಟೇಜ್ ನಿಧಾನಕ್ಕೆ ಇಳಿಯುತ್ತದೆ, 12.0ಕ್ಕೆ ಬಂದರೆ ಬಹಳಷ್ಟು ಮುಗಿದಿದೆ ಅಂತ ತಿಳಿಯಬಹುದು. ಲಿಥಿಯಂ ಐರನ್ ಫಾಸ್ಫೇಟ್ ಹಾಗಲ್ಲ, ಕೊನೆಯ ತನಕ 13ರ ಆಸುಪಾಸಿನಲ್ಲೇ ಇದ್ದು ಆಮೇಲೆ ದಿಢೀರನೆ ಬೀಳುತ್ತದೆ.

ಇಷ್ಟೆಲ್ಲ ಹೇಳಿದ್ದು 12 ವೋಲ್ಟಿನ ಕಡೆಗೆ. ಇಂಥ ವ್ಯಾನುಗಳಲ್ಲಿ ಇನ್ವರ್ಟರ್ ಇರುತ್ತದೆ, ಹೊರಗಿನಿಂದ 230 ವೋಲ್ಟ್ ಕೊಡುವ ಕೇಬಲ್ ಇರುತ್ತದೆ. ಅದು ಪ್ರಾಣ ತೆಗೆಯುವ ಕರೆಂಟು. ಮಾವನ ಮನೆಯ ಪ್ಲಗ್ಗಿಗೆ ಆ ಕೇಬಲ್ ಸಿಕ್ಕಿಸಿದರೆ ವ್ಯಾನಿನ ಆರ್‌ಸಿಸಿಬಿ ಪಟ್ ಅಂತ ಬೀಳುತ್ತಿತ್ತು. “ಅದನ್ನ ಬೈಪಾಸ್ ಮಾಡೋಕಾಗಲ್ವಾ?” ಅಂದರು ಯಜಮಾನರು. ಆಗಲ್ಲ ಸರ್, ಅಂದೆ. ಆ ಡಬ್ಬಿ 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವುದು, ಅದು ಬಿದ್ದರೆ ಎಲ್ಲೋ ಕರೆಂಟು ನೆಲಕ್ಕೆ ಹೋಗುತ್ತಿದೆ ಅಂತ, ಕಬ್ಬಿಣದ ಗಾಡಿಯ ಮೆಟ್ಟಿಲ ಮೇಲೆ ಒದ್ದೆ ಕಾಲಿಡುವುದು ನಿಮ್ಮ ಅಮ್ಮ. ಅದಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೊಪ್ಪದಿಂದ ಬಂದರು. ನೀರು ಹೋಗಿದ್ದ ಎಕ್ಸ್‌ಟೆನ್ಶನ್ ಬಾಕ್ಸ್ ಒಂದನ್ನು ಕಿತ್ತು ಹಾಕಿದರು. ಮಾವನ ಮನೆಯ ಅರ್ಥ್ ಗುಂಡಿಗೂ ಎರಡು ಕೊಡ ನೀರು ಹುಯ್ಯಿಸಿ, ವೈರು ಬಿಗಿದು, ಇನ್ನೊಂದು ವಾರದಲ್ಲಿ ಬಂದು ಹೊಸ ಪೈಪು ಹೂಳಬೇಕು ಅಂತ ಹೇಳಿಹೋದರು.

ಹಳೆಯ ಪಂಪು ಈಗ ಸೀಟಿನ ಕೆಳಗೆ ಸ್ಪೇರ್ ಆಗಿ ಕೂತಿದೆ. ಅವರು ಹೊರಡುವ ಮುಂಚೆ ಟ್ಯಾಂಕ್ ತುಂಬಿಸಿಕೊಟ್ಟೆವು, ಪೈಪಿನ ಬಾಯಿಗೆ ಎರಡು ಮಡಿಕೆ ಪಂಚೆ ಬಟ್ಟೆ ಕಟ್ಟಿ.